ಮುದ್ದತು ಕುಗ್ಗಿದ ಕಾಲ: 1896ರ ಪ್ಲೇಗು ಮತ್ತು ಮುಂಬಯಿ ಪೇಟೆಯ ನಿರೀಕ್ಷೆಗಳು

ವ್ಯಾಪಾರಸ್ಥರು ಮುಂದಿನ ದಿನಗಳನ್ನು ಭರವಸೆಯಿಂದ ಕಾಣುತ್ತಿದ್ದಾರೆಯೇ ಅಳುಕಿನಿಂದ ಕಾಣುತ್ತಿದ್ದಾರೆಯೇ ಎಂಬುದನ್ನು ಅಳೆಯಲು ಇಂದು ಸಮೀಕ್ಷೆಗಳಿವೆ. ಭಾರತೀಯ ರಿಸರ್ವ್ ಬ್ಯಾಂಕು ಮೂರು ತಿಂಗಳಿಗೊಮ್ಮೆ ತಯಾರಿಕಾ ಕಂಪನಿಗಳಿಗೆ ಪ್ರಶ್ನೆಗಳನ್ನು ಕಳಿಸಿ, ಬಂದ ಉತ್ತರಗಳಿಂದ ವ್ಯಾಪಾರ ನಿರೀಕ್ಷೆಯ ಸೂಚ್ಯಂಕವನ್ನು ಕಟ್ಟುತ್ತದೆ. 2020ರ ಕೊರೋನಾ ಲಾಕ್‌ಡೌನಿನ ತಿಂಗಳುಗಳಲ್ಲಿ ಆ ಅಂಕಿಗಳು ಕುಸಿದುದನ್ನು ಪತ್ರಿಕೆ ಓದುವವರು ಕಂಡಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಮುಂಬಯಿಗೆ ಬಂದಾಗ ಇಂಥ ಅಳತೆಗೋಲು ಇರಲಿಲ್ಲವಾದರೂ ಆ ಕಾಲದ ನಿರೀಕ್ಷೆ ಮತ್ತು ಆತಂಕಗಳು ಗುರುತು ಉಳಿಸದೆ ಹೋಗಿಲ್ಲ. ಸಾಲವನ್ನು ಎಷ್ಟು ದಿನದ ವಾಯಿದೆಗೆ ಕೊಡುತ್ತಿದ್ದರು, ಕೂಲಿಯನ್ನು ಎಷ್ಟು ದಿನ ಬಾಕಿ ಇರಿಸಿಕೊಳ್ಳಬಹುದಾಗಿತ್ತು, ಹಡಗು ಹತ್ತಿದ ಸರಕು ಆಚೆಯ ಬಂದರಿನಲ್ಲಿ ಇಳಿದೀತೆಂಬ ನೆಚ್ಚಿಕೆ ಎಷ್ಟಿತ್ತು ಎಂಬ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಒಂದು ಪಟ್ಟಣ ತನ್ನ ನಾಳೆಯ ಮೇಲೆ ಎಷ್ಟು ವಿಶ್ವಾಸವಿಟ್ಟಿತ್ತೆಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ. ಹಾಗೆ ನೋಡಿದಾಗ ಕಾಣುವುದೇನೆಂದರೆ, ಸಾವಿನ ಲೆಕ್ಕ ದೊಡ್ಡದಾಗುವ ಮೊದಲೇ ಎಲ್ಲ ಕೊಡುಕೊಳ್ಳುವಿಕೆಗಳ ಮುದ್ದತು, ಅಂದರೆ ಹಣ ಅಥವಾ ಮಾತು ತೀರಬೇಕಾದ ಅವಧಿ, ಕುಗ್ಗಿತ್ತು. ಆ ಕುಗ್ಗುವಿಕೆಯೇ ವ್ಯಾಪಾರಕ್ಕೆ ತಗುಲಿದ ಮೊದಲ ಪೆಟ್ಟಾಗಿತ್ತು.

ರೋಗ ಅಧಿಕೃತವಾಗಿ ಗುರುತಿಗೆ ಸಿಕ್ಕಿದ್ದು 1896ರ ಸೆಪ್ಟೆಂಬರಿನಲ್ಲಿ, ಬಂದರಿಗೆ ಹೊಂದಿಕೊಂಡ ಮಾಂಡವಿ ಬಡಾವಣೆಯಲ್ಲಿ. ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಸಿಯೋ ಗೇಬ್ರಿಯಲ್ ವಿಯೇಗಸ್. ಎರಡು ವರ್ಷ ಮೊದಲು, 1894ರಲ್ಲಿ, ಇದೇ ರೋಗ ಹಾಂಗ್‌ಕಾಂಗನ್ನು ಹೊಕ್ಕಿತ್ತು, ಅಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಅದರ ಸೂಕ್ಷ್ಮಾಣುವನ್ನು ಕಂಡುಹಿಡಿದಿದ್ದರು. ಮುಂಬಯಿಯ ನೂಲು ಆ ದಿಕ್ಕಿನ ಬಂದರುಗಳಿಗೆ ಹೋಗುತ್ತಿದ್ದುದರಿಂದ ರೋಗವೂ ಅದೇ ದಾರಿಯಲ್ಲಿ ತಿರುಗಿ ಬಂದಿರಬೇಕೆಂದು ಹೆಚ್ಚಿನವರು ನಂಬಿದರು. ಮಾಂಡವಿ ಧಾನ್ಯದ ಉಗ್ರಾಣಗಳ ಬಡಾವಣೆ. ಕೆಳಗೆ ಮೂಟೆಗಳು, ಮೇಲಿನ ಅಂತಸ್ತುಗಳಲ್ಲಿ ಕಿಕ್ಕಿರಿದ ಸಂಸಾರಗಳು, ನಡುವೆ ಇಲಿಗಳು. ಇಲಿಯ ಚಿಗಟದಿಂದ ರೋಗ ಮನುಷ್ಯರಿಗೆ ಹರಡುತ್ತದೆಂದು ಪಾಲ್ ಲೂಯಿ ಸಿಮೊಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ, ಅದನ್ನು ವಿದ್ವಾಂಸರು ಒಪ್ಪಿದ್ದು ಇನ್ನೂ ಹಲವು ವರ್ಷಗಳ ಮೇಲೆ. ಅಲ್ಲಿಯವರೆಗೆ ಗಾಳಿ, ಕೊಳಚೆ, ನೆಲದ ತೇವ, ಬಟ್ಟೆ, ತೊಗಲು, ಹೀಗೆ ಎಲ್ಲವೂ ಅನುಮಾನಕ್ಕೆ ಗುರಿಯಾದವು. ಯಾವ ಸರಕು ಅಪಾಯಕಾರಿ, ಯಾವುದು ಅಲ್ಲ ಎಂದು ಯಾರೂ ಖಚಿತವಾಗಿ ಹೇಳಲಾಗದ ಸ್ಥಿತಿಯಲ್ಲಿ ಸರಕಿನ ವ್ಯಾಪಾರ ನಡೆಯಬೇಕಾಗಿತ್ತು ಎಂಬುದನ್ನು ಮರೆತರೆ ಆ ಕಾಲದ ವ್ಯಾಪಾರಿಗಳ ನಡವಳಿಕೆ ಅರ್ಥವಾಗುವುದಿಲ್ಲ.

ರೋಗ ಬಂದ ಹೊತ್ತೂ ಕೆಟ್ಟದಾಗಿತ್ತು. ಮುಂಬಯಿಯ ಹಣದ ಪೇಟೆಗೆ ವರ್ಷದಲ್ಲಿ ಎರಡು ಕಾಲಗಳಿದ್ದವು: ಮಳೆಗಾಲದ ಸಡಿಲ ತಿಂಗಳುಗಳು ಮತ್ತು ಸುಗ್ಗಿಯ ನಂತರದ ಬಿಗಿ ತಿಂಗಳುಗಳು. ನವೆಂಬರಿನಿಂದ ಮೇವರೆಗೆ ಖಾನದೇಶ, ಬೇರಾರ, ಗುಜರಾತ, ಧಾರವಾಡ ಸೀಮೆಗಳ ಹತ್ತಿ ಕೊಲಾಬಾದ ಪೇಟೆಗೆ ಬರುತ್ತಿತ್ತು, ಅದನ್ನು ಕೊಳ್ಳಲು ಹಣ ಪಟ್ಟಣದಿಂದ ಒಳನಾಡಿಗೆ ಹೋಗುತ್ತಿತ್ತು. ಈ ಹಣದ ಬಹುಭಾಗ ನಾಣ್ಯವಾಗಿ ಪ್ರಯಾಣ ಮಾಡದೆ ಹುಂಡಿಗಳ ಮೂಲಕ ಸಾಗುತ್ತಿತ್ತು. ಹುಂಡಿಯೆಂದರೆ ಒಬ್ಬ ಸಾಹುಕಾರನು ಬೇರೆ ಊರಿನ ತನ್ನ ಪೇಢಿಗೆ ಅಥವಾ ವ್ಯವಹಾರಸ್ಥನಿಗೆ ಇಂಥವರಿಗೆ ಇಷ್ಟು ಹಣ ಕೊಡತಕ್ಕದ್ದೆಂದು ಬರೆದುಕೊಡುವ ಪತ್ರ. ತೋರಿಸಿದ ಕೂಡಲೇ ಹಣ ಸಲ್ಲುವುದು ದರ್ಶನಿ ಹುಂಡಿ, ಗೊತ್ತುಪಡಿಸಿದ ದಿನಗಳು ಕಳೆದ ಮೇಲೆ ಸಲ್ಲುವುದು ಮುದ್ದತಿ ಹುಂಡಿ. ಮುದ್ದತಿ ಹುಂಡಿಯನ್ನು ಕೊಳ್ಳುವವನು ಎರಡು ತಿಂಗಳ ನಂತರವೂ ಆ ಪೇಢಿಯ ಬಾಗಿಲು ತೆರೆದಿರುತ್ತದೆ, ಆ ಮನುಷ್ಯ ಊರಲ್ಲಿರುತ್ತಾನೆ, ಬದುಕಿರುತ್ತಾನೆ ಎಂದು ನಂಬಿ ಹಣ ಕೊಡುತ್ತಾನೆ. ಪ್ಲೇಗು ಈ ಮೂರು ನಂಬಿಕೆಗಳನ್ನೂ ಒಂದೇ ಏಟಿಗೆ ಸಡಿಲಿಸಿತು. ಚಳಿಗಾಲದಲ್ಲಿ ಏರಿ ಮಾರ್ಚಿಯ ಸುಮಾರಿಗೆ ತುದಿ ಮುಟ್ಟಿ ಮಳೆಗೆ ಮುಂಚೆ ಇಳಿಯುವುದು ಮುಂಬಯಿಯ ಪ್ಲೇಗಿನ ಕ್ರಮವಾಗಿದ್ದರಿಂದ, ರೋಗದ ತಿಂಗಳುಗಳೂ ಹಣದ ಬಿಗಿ ತಿಂಗಳುಗಳೂ ವರ್ಷವರ್ಷವೂ ಒಂದರ ಮೇಲೊಂದು ಬಿದ್ದವು.

ಆಡಳಿತವು ಈ ಅನಿಶ್ಚಿತತೆಯನ್ನು ತಗ್ಗಿಸಲಿಲ್ಲ, ಮೊದಲ ತಿಂಗಳುಗಳಲ್ಲಂತೂ ಹೆಚ್ಚಿಸಿತು. ಮುನಿಸಿಪಲ್ ಕಮಿಷನರ್ ಪಿ. ಸಿ. ಎಚ್. ಸ್ನೋ 1896ರ ಅಕ್ಟೋಬರ್ 6ರಂದು ಹೊರಡಿಸಿದ ಪ್ರಕಟಣೆ, ರೋಗಿಗಳನ್ನು ಬಲವಂತದಿಂದ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ಆಡಳಿತಕ್ಕೆ ಕೊಟ್ಟಿತು. ಅದೇ ತಿಂಗಳ 29ರಂದು ಸುಮಾರು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಲೆ ನುಗ್ಗಿದರು, ಆ ಬೆನ್ನಿಗೇ ಪ್ರಕಟಣೆಯನ್ನು ಸಡಿಲಿಸಬೇಕಾಯಿತು. ಪಟ್ಟಣದ ಮಲವನ್ನು ಹೊರುವ ಹಲಾಲಖೋರರು ಊರು ಬಿಟ್ಟು ಹೋದರೆ ಮುಂಬಯಿಯೇ ವಾಸಕ್ಕೆ ಬಾರದಂತಾಗುತ್ತದೆ ಎಂಬ ಭಯ ಸ್ನೋನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿತು. ಸಮಾಜದ ತೀರ ಕೆಳಗಿನ ಮೆಟ್ಟಿಲಲ್ಲಿ ಇಡಲ್ಪಟ್ಟವರ ಮೇಲೆ ಇಡೀ ಬಂದರು ಪಟ್ಟಣದ ಉಳಿವು ನಿಂತಿತ್ತೆಂಬುದನ್ನು ಆಡಳಿತ ಒಪ್ಪಿಕೊಂಡ ಅಪರೂಪದ ಗಳಿಗೆ ಅದು. ಆದರೆ ವ್ಯಾಪಾರಸ್ಥನ ದೃಷ್ಟಿಯಲ್ಲಿ ನೋಡಿದರೆ, ಕಟ್ಟುನಿಟ್ಟಾದ ಆಜ್ಞೆಗಿಂತ ಇಂದು ಹೊರಟು ನಾಳೆ ಹಿಂದೆಗೆದ ಆಜ್ಞೆ ಹೆಚ್ಚು ಕಳವಳಕಾರಿಯಾಗಿತ್ತು, ಏಕೆಂದರೆ ಮುಂದಿನ ವಾರ ಯಾವ ಉಗ್ರಾಣಕ್ಕೆ ಬೀಗ ಬೀಳುತ್ತದೆ, ಯಾವ ಚಾಳಿನ ಹೆಂಚು ಕೀಳುತ್ತಾರೆ ಎಂಬುದಕ್ಕೆ ಯಾವ ಸೂತ್ರವೂ ಅವನ ಕೈಯಲ್ಲಿ ಉಳಿಯಲಿಲ್ಲ.

ಹೊರಗಿನ ದೇಶಗಳ ಒತ್ತಡ ಇದಕ್ಕೆ ಇನ್ನೊಂದು ಮುಖವನ್ನು ಸೇರಿಸಿತು. ಐರೋಪ್ಯ ಸರ್ಕಾರಗಳು ಭಾರತದ ಹಡಗುಗಳಿಗೆ ದಿಗ್ಬಂಧನ ಹಾಕಿದವು, ಕಚ್ಚಾ ತೊಗಲು, ಉಣ್ಣೆ, ಚಿಂದಿಯಂಥ ಸರಕುಗಳ ಮೇಲೆ ಕಣ್ಣಿಟ್ಟವು; 1897ರ ಫೆಬ್ರವರಿ ಮತ್ತು ಮಾರ್ಚಿಯಲ್ಲಿ ವೆನಿಸ್ಸಿನಲ್ಲಿ ಸೇರಿದ ಅಂತಾರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನದ ಮುಖ್ಯ ವಿಷಯವೇ ಪ್ಲೇಗು ಆಗಿತ್ತು. ವೈಸರಾಯ್ ಎಲ್ಜಿನ್‌ನ ಸರ್ಕಾರ 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತರಾತುರಿಯಲ್ಲಿ ಜಾರಿಗೆ ತಂದದ್ದಕ್ಕೆ ಜನರ ಆರೋಗ್ಯದ ಕಾಳಜಿ ಒಂದು ಕಾರಣವಾದರೆ, ಯುರೋಪಿನ ಬಂದರುಗಳು ಭಾರತದ ಸರಕಿಗೆ ಪೂರ್ತಿಯಾಗಿ ಮುಚ್ಚಿಹೋದಾವೆಂಬ ಭಯ ಅದಕ್ಕಿಂತ ಸಣ್ಣ ಕಾರಣವೇನಾಗಿರಲಿಲ್ಲ. ಕೆಲವೇ ಕಲಮುಗಳ ಈ ಕಾಯಿದೆ ರೈಲು ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ, ಪ್ರತ್ಯೇಕಿಸಿಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು, ಅದರಂತೆ ನಡೆದ ಅಧಿಕಾರಿಗಳ ಮೇಲೆ ದಾವೆ ಹೂಡದಂತೆ ರಕ್ಷಣೆಯನ್ನೂ ಕೊಟ್ಟಿತು. ನಷ್ಟ ಪರಿಹಾರವನ್ನು ಮಾತ್ರ, ಕೊಡುವುದಾದರೆ ಯಾರು ಕೊಡಬೇಕೆಂದು ಸರ್ಕಾರವೇ ನಿರ್ಧರಿಸತಕ್ಕದ್ದೆಂದು ಬಿಟ್ಟಿತು. ಅಧಿಕಾರಿಗಳು ಸುಡಿಸಿದ ಮೂಟೆಗೆ ಹಣ ಬಂದೀತೇ ಎಂಬ ಪ್ರಶ್ನೆಗೆ ಕಾಯಿದೆಯಲ್ಲಿ ಖಚಿತವಾದ ಉತ್ತರವಿರಲಿಲ್ಲ. ನೂರಿಪ್ಪತ್ತಮೂರು ವರ್ಷಗಳ ನಂತರ, 2020ರ ಮಾರ್ಚಿಯಲ್ಲಿ, ದೇಶದ ರಾಜ್ಯಗಳು ಮತ್ತೆ ಕೈಗೆತ್ತಿಕೊಂಡದ್ದು ಇದೇ ಕಾಯಿದೆಯನ್ನು.

ಜನರು ಊರು ಬಿಟ್ಟದ್ದು ಎಲ್ಲ ಲೆಕ್ಕಾಚಾರಗಳನ್ನೂ ಮೀರಿತು. 1891ರ ಜನಗಣತಿಯಲ್ಲಿ ಮುಂಬಯಿಯ ಜನಸಂಖ್ಯೆ 8,21,764. 1897ರ ಫೆಬ್ರವರಿಯ ಹೊತ್ತಿಗೆ ಸುಮಾರು 3,80,000 ಜನ ಪಟ್ಟಣ ತೊರೆದಿದ್ದರೆಂದು ಅಂದಾಜು ಮಾಡಲಾಯಿತು, ಅಂದರೆ ಅರ್ಧಕ್ಕೆ ಸಮೀಪ. ಮಾಂಡವಿಯ ಧಾನ್ಯ ವ್ಯಾಪಾರಿಗಳಲ್ಲಿ ಅನೇಕರು ಗುಜರಾತ ಮತ್ತು ಕಚ್ಛಿನ ತಮ್ಮ ಊರುಗಳಿಗೆ, ಗಿರಣಿಯ ಕಾರ್ಮಿಕರು ರತ್ನಾಗಿರಿ, ಸಾತಾರೆಯ ಹಳ್ಳಿಗಳಿಗೆ ಹೊರಟರು. ಸತ್ತವರಿಗಿಂತ ಹೋದವರು ಅನೇಕ ಪಟ್ಟು ಹೆಚ್ಚಾಗಿದ್ದರೆಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಅಂಗಡಿ ಮುಚ್ಚಿದ್ದು, ಗಿರಣಿಯ ಕದಿರು ನಿಂತದ್ದು, ಗಾಡಿ ಸಿಗದೆ ಸರಕು ಕಟ್ಟೆಯ ಮೇಲೆ ಉಳಿದದ್ದು ಇವೆಲ್ಲವೂ ಮುಂದೇನಾದೀತೆಂಬ ನಿರೀಕ್ಷೆಯ ಫಲಗಳೇ ಹೊರತು ನೇರವಾಗಿ ರೋಗದ ಫಲಗಳಲ್ಲ.

ಈ ನಿರೀಕ್ಷೆಯ ಬದಲಾವಣೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಗಿರಣಿಗಳ ಕೂಲಿಯ ಇತಿಹಾಸದಲ್ಲಿ. ಆಗ ಮುಂಬಯಿಯಲ್ಲಿ ಸುಮಾರು 70 ಹತ್ತಿ ಗಿರಣಿಗಳಿದ್ದು ಅವುಗಳಲ್ಲಿ 70,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಕೂಲಿಯನ್ನು ತಿಂಗಳಿಗೊಮ್ಮೆ, ಅದೂ ತಿಂಗಳು ಮುಗಿದು ಕೆಲವು ವಾರಗಳು ಕಳೆದ ಮೇಲೆ ಕೊಡುವುದು ರೂಢಿಯಾಗಿತ್ತು. ಹೀಗಾಗಿ ಪ್ರತಿಯೊಬ್ಬ ಕಾರ್ಮಿಕನ ದುಡಿಮೆಯ ಒಂದೂವರೆ ತಿಂಗಳಷ್ಟು ಹಣ ಯಾವಾಗಲೂ ಮಾಲೀಕನ ಬಳಿ ಬಾಕಿ ನಿಂತಿರುತ್ತಿತ್ತು, ಹೇಳದೆ ಕೆಲಸ ಬಿಟ್ಟವನು ಅದನ್ನು ಕಳೆದುಕೊಳ್ಳುತ್ತಿದ್ದನು. ಆ ಬಾಕಿ ಒಂದು ಕಡೆ ಕಾರ್ಮಿಕನನ್ನು ಕಟ್ಟಿಹಾಕುವ ಹಗ್ಗವಾಗಿದ್ದರೆ, ಇನ್ನೊಂದು ಕಡೆ ಗಿರಣಿಗೆ ಬಡ್ಡಿಯಿಲ್ಲದೆ ದೊರೆತ ಸಾಲವಾಗಿತ್ತು. ಕಾರ್ಮಿಕನು ಆ ಆರೇಳು ವಾರಗಳನ್ನು ದಿನಸಿ ಅಂಗಡಿಯ ಉದ್ರಿಯಿಂದ ದಾಟುತ್ತಿದ್ದನು, ಅದಕ್ಕೆ ಬಡ್ಡಿ ತೆರುತ್ತಿದ್ದನು. ದೇಶದ ಬಡವರಲ್ಲಿ ಒಬ್ಬನು ದೇಶದ ಧನಿಕರಲ್ಲಿ ಒಬ್ಬನಿಗೆ ಸಾಲ ಕೊಡುವ ಈ ವ್ಯವಸ್ಥೆ ನ್ಯಾಯವಾದದ್ದೆಂದು ಯಾವ ಲೆಕ್ಕದಿಂದಲೂ ಹೇಳಲಾಗದು.

1897ರ ಆರಂಭದ ತಿಂಗಳುಗಳಲ್ಲಿ ಈ ವ್ಯವಸ್ಥೆ ಮುರಿಯಿತು. ಉಳಿದ ಕೆಲವೇ ಕಾರ್ಮಿಕರಿಗಾಗಿ ಗಿರಣಿಗಳು ಪರಸ್ಪರ ಪೈಪೋಟಿಗೆ ಇಳಿದವು. ಬೆಳಗಿನ ಹೊತ್ತು ಬೀದಿಯ ಮೂಲೆಗಳಲ್ಲಿ ಗಿರಣಿಗಳ ಪರವಾದ ಜನ ನಿಂತು ಕೂಲಿಗಳನ್ನು ಹರಾಜಿನಂತೆ ಕೂಗಿ ಒಯ್ದರು, ದರ ಏರಿತು. ದರಕ್ಕಿಂತ ಮುಖ್ಯವಾದದ್ದು ಪಾವತಿಯ ದಿನ. ನಾಳೆ ತಾನಾಗಲಿ ಮಾಲೀಕನಾಗಲಿ ಊರಲ್ಲಿರುವ ಭರವಸೆಯಿಲ್ಲದ ಕಾರ್ಮಿಕನು ಅಂದಿನ ಕೂಲಿಯನ್ನು ಅಂದಿನ ಸಂಜೆಯೇ ಕೇಳಿದನು, ಕೊಡದ ಗಿರಣಿಗೆ ಹೋಗಲಿಲ್ಲ. ದಶಕಗಳಿಂದ ಬೇರೂರಿದ್ದ ಪದ್ಧತಿ ಕೆಲವು ವಾರಗಳಲ್ಲಿ ದಿನಗೂಲಿಯ ರೋಖ ವ್ಯವಹಾರವಾಯಿತು. ಕಾರ್ಮಿಕರಿಗೆ ಒಬ್ಬ ನಾಯಕನಿರಲಿಲ್ಲ, ಗುರುತಿಸಲ್ಪಟ್ಟ ಸಂಘವಿರಲಿಲ್ಲ. ಅವರು ತಮ್ಮ ಭವಿಷ್ಯದ ಬಗ್ಗೆ ಮಾಡಿದ ಅಂದಾಜು ಯಾವ ವ್ಯಾಪಾರಿಯ ಅಂದಾಜಿಗಿಂತಲೂ ಕಡಿಮೆ ವಿವೇಕದ್ದಾಗಿರಲಿಲ್ಲ: ಹುಂಡಿಯನ್ನು ಕೊಳ್ಳಲು ಹಿಂಜರಿದ ಸಾಹುಕಾರನೂ ದಿನದ ಕೂಲಿಯನ್ನು ಕೇಳಿದ ನೇಕಾರನೂ ಒಂದೇ ಲೆಕ್ಕವನ್ನು ಮಾಡಿದ್ದರು. ಆದರೆ ಮೊದಲನೆಯದನ್ನು ಎಚ್ಚರಿಕೆಯೆಂದೂ ಎರಡನೆಯದನ್ನು ಉದ್ಧಟತನವೆಂದೂ ಮಾಲೀಕ ವರ್ಗ ಕಂಡಿತು. ರೋಗ ಇಳಿದು ಜನ ಹಿಂತಿರುಗತೊಡಗಿದ ಮೇಲೆ ಗಿರಣಿ ಮಾಲೀಕರ ಸಂಘ ದಿನಗೂಲಿಯನ್ನು ನಿಲ್ಲಿಸಲು ಮುಂದಾಯಿತು, ಅದನ್ನು ವಿರೋಧಿಸಿ ಆ ವರ್ಷ ಹಲವು ಗಿರಣಿಗಳಲ್ಲಿ ಮುಷ್ಕರಗಳಾದವು.

ಅಂದಿನ ಎಲ್ಲ ಸಂಕಟವನ್ನೂ ಪ್ಲೇಗಿನ ತಲೆಗೆ ಕಟ್ಟುವುದು ಸರಿಯಲ್ಲ. ಸರ್ಕಾರ 1893ರಲ್ಲಿ ಬೆಳ್ಳಿಯ ಮುಕ್ತ ಟಂಕಸಾಲೆಯನ್ನು ನಿಲ್ಲಿಸಿದ್ದರಿಂದ, ಅಂದರೆ ಯಾರು ಬೇಕಾದರೂ ಬೆಳ್ಳಿ ತಂದು ರೂಪಾಯಿ ಮಾಡಿಸಿಕೊಳ್ಳುವ ಅವಕಾಶ ಹೋದದ್ದರಿಂದ, ಬೆಳ್ಳಿಯನ್ನೇ ನಾಣ್ಯವಾಗಿ ಬಳಸುತ್ತಿದ್ದ ಚೀನಾದೊಂದಿಗಿನ ನೂಲಿನ ವ್ಯಾಪಾರ ಮೊದಲೇ ತತ್ತರಿಸಿತ್ತು. ಜಪಾನಿನ ನೂಲು ಅದೇ ಪೇಟೆಗೆ ನುಗ್ಗುತ್ತಿತ್ತು. 1896ರಲ್ಲಿ ಭಾರತದ ಗಿರಣಿ ಬಟ್ಟೆಯ ಮೇಲೆ ಶೇಕಡ 3.5ರ ಅಬಕಾರಿ ಸುಂಕ ಬಿದ್ದಿತ್ತು. 1896-97ರ ಬರ ಒಳನಾಡಿನ ಕೊಳ್ಳುವ ಶಕ್ತಿಯನ್ನು ಹೀರಿತ್ತು. ಮುಂದೆ 1898ರ ಮೊದಲ ತಿಂಗಳುಗಳಲ್ಲಿ ಪ್ರೆಸಿಡೆನ್ಸಿ ಬ್ಯಾಂಕುಗಳ ಬಡ್ಡಿದರ ಶೇಕಡ 12ರ ಆಸುಪಾಸಿಗೆ ಏರಿದಾಗ ಅದರ ಮುಖ್ಯ ಕಾರಣ ನಾಣ್ಯನೀತಿಯ ಬಿಗಿಯೇ ಆಗಿತ್ತು. ಪ್ಲೇಗು ಮಾಡಿದ್ದೆಂದರೆ ಈ ಕಾರಣಗಳನ್ನು ಒಂದರಿಂದೊಂದು ಬೇರ್ಪಡಿಸಿ ತೂಗಿ ನೋಡುವ ಶಕ್ತಿಯನ್ನು ವ್ಯಾಪಾರಿಯಿಂದ ಕಸಿದುಕೊಂಡದ್ದು; ಚೀನಾದ ಬೇಡಿಕೆ ಇಳಿದಿದೆಯೋ, ತನ್ನ ಹಡಗನ್ನು ತಡೆಹಿಡಿಯಲಾಗಿದೆಯೋ, ಗಿರಣಿಗೆ ಜನ ಸಿಕ್ಕಿಲ್ಲವೋ ಎಂಬುದು ತಿಳಿಯದಾದಾಗ ಎಲ್ಲಕ್ಕೂ ಒಂದೇ ಉತ್ತರ ಉಳಿಯುತ್ತದೆ, ಅದು ಕೈಬಿಗಿ ಹಿಡಿಯುವುದು. 1898ರ ಮಾರ್ಚ್ 9ರಂದು ರೋಗಿಗಳ ತಪಾಸಣೆಯ ವಿಷಯವಾಗಿ ಗಲಭೆ ಎದ್ದು ಗಾಡಿಯವರೂ ಹಡಗುಕಟ್ಟೆಯ ಕೂಲಿಗಳೂ ಕೆಲಸ ನಿಲ್ಲಿಸಿ ಅಂಗಡಿಗಳು ಮುಚ್ಚಿದಾಗ, ಬಂದರಿನ ವ್ಯಾಪಾರ ರೋಗಕ್ಕೆ ಮಾತ್ರವಲ್ಲ ರೋಗ ನಿವಾರಣೆಯ ರೀತಿಗೂ ಎಷ್ಟು ಒಳಗಾಗಿತ್ತೆಂಬುದು ಸ್ಪಷ್ಟವಾಯಿತು.

ರೈಲು ಮಾರ್ಗದ ಮೇಲೆ ರೋಗ ಕನ್ನಡ ನಾಡಿಗೆ ಇಳಿಯಿತು. ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತ್ಯದ ಊರು, ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆಯೂ ನೂಲುವ ಗಿರಣಿಯೂ ಇದ್ದ ಹತ್ತಿ ಪೇಟೆ. ಮುಂಬಯಿಗೆ ಹೋಗುವ ಧಾರವಾಡ ಸೀಮೆಯ ಹತ್ತಿ ಮತ್ತು ಅಲ್ಲಿಂದ ಬರುವ ಹಣ ಇದೇ ಊರನ್ನು ಹಾಯುತ್ತಿದ್ದವು. 1898ರಲ್ಲಿ ಅಲ್ಲಿ ಪ್ಲೇಗು ಭೀಕರವಾಗಿ ಹಬ್ಬಿದಾಗ ಹಾಫ್‌ಕಿನ್‌ರ ಲಸಿಕೆಯನ್ನು ಊರಿನ ಬಹುಪಾಲು ಜನರಿಗೆ ಹಾಕಲಾಯಿತು. ವಾಲ್ಡೆಮಾರ್ ಹಾಫ್‌ಕಿನ್ ಆ ಲಸಿಕೆಯನ್ನು ಮುಂಬಯಿಯಲ್ಲಿ ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದನು. ಲಸಿಕೆ ಹಾಕಿಸಿಕೊಂಡವರಿಗೆ ಪ್ರಮಾಣಪತ್ರ ಕೊಟ್ಟು ಪ್ರತ್ಯೇಕವಾಸದಿಂದ ವಿನಾಯಿತಿ ನೀಡಿದ್ದರಿಂದ ಆ ಕಾಗದಕ್ಕೆ ವ್ಯಾಪಾರದ ಬೆಲೆ ಬಂತು. ಊರಿಂದೂರಿಗೆ ಹೋಗಿ ವಸೂಲಿ ಮಾಡಬೇಕಾದ ದಲಾಲನಿಗೆ, ಪಾಳಿ ತಪ್ಪಿಸಲಾಗದ ಕಾರ್ಖಾನೆಯ ಆಳಿಗೆ ಮುಂದಿನ ತಿಂಗಳನ್ನು ಒಂದಿಷ್ಟು ಮುಂಚೆಯೇ ಕಾಣಲು ಅದು ನೆರವಾಯಿತು.

ಅದೇ 1898ರ ಆಗಸ್ಟಿನಲ್ಲಿ ರೋಗ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರನ್ನು ಮುಟ್ಟಿತು. ಮೈಸೂರು ಸರ್ಕಾರ ವಿ. ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿ ತಪಾಸಣೆ, ಪ್ರತ್ಯೇಕವಾಸದ ಶಿಬಿರ, ಮನೆಗಳ ಶುದ್ಧೀಕರಣಗಳನ್ನು ನಡೆಸಿತು. 1891ರಲ್ಲಿ ನಗರ ಮತ್ತು ದಂಡು ಪ್ರದೇಶ ಸೇರಿ 1,80,366 ಇದ್ದ ಜನಸಂಖ್ಯೆ 1901ರ ಗಣತಿಯಲ್ಲಿ 1,59,046ಕ್ಕೆ ಇಳಿದಿತ್ತು. ಗಣತಿ ನಡೆದದ್ದು ಪ್ಲೇಗಿನ ತಿಂಗಳಾದ ಮಾರ್ಚಿಯಲ್ಲಾದ್ದರಿಂದ ಈ ಇಳಿಕೆಯಲ್ಲಿ ಸತ್ತವರ ಜೊತೆಗೆ ಊರ ಹೊರಗೆ ಹೋಗಿದ್ದವರೂ ಸೇರಿದ್ದಾರೆ. ಇಕ್ಕಟ್ಟಾದ ಪೇಟೆಯ ಬೀದಿಗಳಿಂದ ಹೊರಕ್ಕೆ ಬಸವನಗುಡಿ, ಮಲ್ಲೇಶ್ವರಗಳೂ, ಮುಂದೆ ದಂಡಿನ ಕಡೆ ಫ್ರೇಜರ್ ಟೌನೂ ಬೆಳೆದದ್ದರ ಹಿಂದೆ ಈ ಭಯವಿತ್ತು. ಹಳ್ಳಿಗಳಲ್ಲಿ ಜನ ರೋಗದ ಮುನ್ಸೂಚನೆಯನ್ನು ಓದುವುದನ್ನು ತಾವೇ ಕಲಿತರು: ಮನೆಯಲ್ಲಿ ಇಲಿ ಬಿದ್ದರೆ, ಅಂದರೆ ಸತ್ತ ಇಲಿ ಕಂಡರೆ, ಹೊಲದಲ್ಲಿ ಜೋಪಡಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದರು, ರೋಗ ತಣಿದ ಮೇಲೆ ಮರಳುತ್ತಿದ್ದರು. ಸಿಮೊಂ ಹೇಳಿದ್ದನ್ನು ಪಂಡಿತರು ಇನ್ನೂ ಶಂಕಿಸುತ್ತಿದ್ದಾಗಲೇ ರೈತರು ಅದರ ಮೇಲೆ ತಮ್ಮ ವರ್ಷವನ್ನು ಯೋಜಿಸಿಕೊಂಡಿದ್ದರೆಂಬುದಕ್ಕೆ ಆ ಪೀಳಿಗೆಯ ಬುದ್ಧಿಗೆ ಸಲ್ಲಬೇಕಾದ ಗೌರವ ಸಲ್ಲಬೇಕು.

ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಮಾಡಿದ ಒಂದು ವಿಂಗಡಣೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಹಿಂದಿನ ಅನುಭವದಿಂದ ಇಷ್ಟರಲ್ಲಿ ಇಷ್ಟು ಬಾರಿ ಸಂಭವಿಸೀತೆಂದು ಎಣಿಸಬಹುದಾದದ್ದು ಅಪಾಯ, ಹಾಗೆ ಎಣಿಸಲು ಆಧಾರವೇ ಇಲ್ಲದ್ದು ಅನಿಶ್ಚಿತತೆ. 1896ರಲ್ಲಿ ಮುಂಬಯಿ ಎದುರಿಸಿದ್ದು ಎರಡನೆಯದನ್ನು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಮೊದಲನೆಯದಾಗಿ ಮಾರ್ಪಟ್ಟಿತ್ತು. ಈ ಹತ್ತು ವರ್ಷಗಳಲ್ಲಿ ಸಾವು ಕಡಿಮೆಯಾಗಲಿಲ್ಲ, ದೇಶದ ಒಟ್ಟು ಲೆಕ್ಕದಲ್ಲಂತೂ ಅತಿ ಘೋರ ವರ್ಷ 1907. ಆದರೆ ಯಾವ ತಿಂಗಳು ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ತಿಳಿದಿದ್ದರಿಂದ ಗಿರಣಿಗಳು ಜನ ಕಡಿಮೆಯಾಗುವ ವಾರಗಳಿಗೆ ಸಿದ್ಧವಾಗಿದ್ದವು, ಸಾಹುಕಾರರು ಮುದ್ದತನ್ನು ಆ ಲೆಕ್ಕಕ್ಕೆ ಹೊಂದಿಸಿಕೊಂಡರು. 1901ರಲ್ಲಿ 7,76,006ಕ್ಕೆ ಇಳಿದಿದ್ದ ಮುಂಬಯಿಯ ಜನಸಂಖ್ಯೆ 1906ರ ವಿಶೇಷ ಗಣತಿಯಲ್ಲಿ 9,77,822 ಆಗಿತ್ತು.

ಖಾಸಗಿ ಹಣ ದಿನಗಳ ಲೆಕ್ಕಕ್ಕೆ ಕುಗ್ಗಿದ್ದಾಗ ದಶಕಗಳ ಲೆಕ್ಕದಲ್ಲಿ ಯೋಚಿಸಿದ್ದು ಸಾರ್ವಜನಿಕ ಹಣ. 1898ರಲ್ಲಿ ಹುಟ್ಟಿದ ಮುಂಬಯಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟು ಸಾಲಪತ್ರಗಳ ಮೂಲಕ ಹಣ ಎತ್ತಿ ಅಗಲವಾದ ರಸ್ತೆಗಳನ್ನೂ, ದಾದರ, ಮಾಟುಂಗಾದಂಥ ಹೊಸ ಬಡಾವಣೆಗಳನ್ನೂ ಯೋಜಿಸಿತು. ಆ ಯೋಜನೆಗಳು ಕೆಡವಿದ ಬಡವರ ಮನೆಗಳು ಅವರಿಗಾಗಿ ಕಟ್ಟಿದ ಮನೆಗಳಿಗಿಂತ ಹೆಚ್ಚಾಗಿದ್ದವು, ಹಾಗಾಗಿ ಉಳಿದ ಚಾಳುಗಳಲ್ಲಿ ಇಕ್ಕಟ್ಟು ಬೆಳೆಯಿತು. ದೀರ್ಘಕಾಲದ ಭರವಸೆ ಆಸ್ತಿಯುಳ್ಳವರಿಗೆ ದೊರೆತಷ್ಟು ಸುಲಭವಾಗಿ ಕೋಣೆ ಬಾಡಿಗೆಗೆ ಹಿಡಿದವರಿಗೆ ದೊರೆಯಲಿಲ್ಲ.

ಗಿರಣಿಗಳಲ್ಲಿ ದಿನಗೂಲಿಯ ಪದ್ಧತಿ ಉಳಿಯಲಿಲ್ಲ. ಕಾರ್ಮಿಕರ ಕೊರತೆ ನೀಗುತ್ತಿದ್ದಂತೆ ತಿಂಗಳ ಕೂಲಿಯೂ ಬಾಕಿ ಹಿಡಿಯುವ ರೂಢಿಯೂ ಮರಳಿ ಬಂದವು, ದಿನಸಿ ಅಂಗಡಿಯ ಉದ್ರಿಯೂ ಅದರ ಜೊತೆಗೇ ಬಂತು. ಮುಂದಿನ ನಾಲ್ಕು ದಶಕಗಳ ಕಾಲ ಕೂಲಿಯ ಈ ಬಾಕಿ ಕಾರ್ಮಿಕರ ಅಹವಾಲುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. 1936ರ ವೇತನ ಪಾವತಿ ಕಾಯಿದೆ, ಸಾವಿರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಗಳು ವೇತನದ ಅವಧಿ ಮುಗಿದ ಏಳು ದಿನದೊಳಗೆ, ಅದಕ್ಕಿಂತ ದೊಡ್ಡವು ಹತ್ತು ದಿನದೊಳಗೆ ಹಣ ಕೊಡತಕ್ಕದ್ದೆಂದು ವಿಧಿಸಿದಾಗ, ಕೂಲಿಯ ಮುದ್ದತಿಗೆ ಮೊದಲ ಬಾರಿಗೆ ಮಾಲೀಕನ ಇಚ್ಛೆಯ ಹೊರಗೆ ಒಂದು ಮಿತಿ ಬಂತು.